ಹಲ್ಲು ಎಣಿಸದೆ ಆಕ್ಸಲ್ ಬದಲಿಸಬೇಡಿ

ಪಿಕಪ್ಪಿನ ಹಿಂದಿನ ಆಕ್ಸಲ್ ಹೇಳದೆ ಕೇಳದೆ ಕೈಕೊಡುವುದು ಅಪರೂಪ. ತಿಂಗಳುಗಟ್ಟಲೆ ಮೊದಲೇ ಅದು ಕೂಗಲು ಶುರು ಮಾಡಿರುತ್ತದೆ. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು ಬಿಟ್ಟು ಸುಳ್ಯದ ಕಡೆಗೆ ಹೊರಟು ವೇಗ ನಲವತ್ತು ದಾಟುತ್ತಿದ್ದಂತೆ ಹಿಂದಿನಿಂದ ಸಣ್ಣಗೆ ಒಂದು ಎಳೆದ ಸ್ವರ. ಆಕ್ಸಿಲರೇಟರ್ ಬಿಟ್ಟರೆ ಸ್ವರ ಬದಲಾಗುತ್ತದೆ, ಒತ್ತಿದರೆ ಮೊದಲಿನದೇ ವಾಪಸ್. ಇದಕ್ಕೆ ಹೆಚ್ಚಿನ ಚಾಲಕರು ಮಾಡುವ ಮೊದಲ ಚಿಕಿತ್ಸೆ ಹಾಡಿನ ವಾಲ್ಯೂಮ್ ಜಾಸ್ತಿ ಮಾಡುವುದು. ಆಮೇಲೆ ಒಂದು ದಿನ ಕಡಬದ ಆಚೆಗಿನ ಯಾವುದೋ ಏರಿನಲ್ಲಿ, ಗೊಬ್ಬರದ ಮೂಟೆ ಹೇರಿಕೊಂಡು ಫಸ್ಟ್ ಗೇರಿನಲ್ಲಿ ಕ್ಲಚ್ ಬಿಡುವಾಗ ಅಡಿಯಿಂದ ‘ಟಕ್’ ಎನ್ನುತ್ತದೆ. ಎಂಜಿನ್ ಓಡುತ್ತಿದೆ, ಗೇರು ಬಿದ್ದಿದೆ, ಗಾಡಿ ಮಾತ್ರ ಹಿಂದಕ್ಕೆ ಜಾರುತ್ತಿದೆ.

ಕೂಗಿನಲ್ಲೂ ಬಗೆಗಳಿವೆ, ಅನುಭವಿ ಮೆಕ್ಯಾನಿಕ್ ಅರ್ಧ ರೋಗವನ್ನು ಕಿವಿಯಿಂದಲೇ ಹಿಡಿಯುತ್ತಾನೆ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಸ್ವರ ಬದಲಾದರೆ ಕ್ರೌನ್ ವೀಲ್ ಮತ್ತು ಪಿನಿಯನ್ನಿನ ಹಲ್ಲುಗಳ ಮೇಲೆ, ಇಲ್ಲವೇ ಪಿನಿಯನ್ನಿನ ಬೇರಿಂಗ್ ಮೇಲೆ ಅನುಮಾನ. ಆಕ್ಸಿಲರೇಟರಿಗೆ ಸಂಬಂಧವೇ ಇಲ್ಲದೆ ಗುಂಯ್‌ಗುಡುತ್ತಾ, ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದಾಗ ಹೆಚ್ಚಾದರೆ ಚಕ್ರದ ಬೇರಿಂಗ್. ಹೊರಡುವಾಗ ಮಾತ್ರ ‘ಟಕ್’ ಎಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಅಲ್ಲಾಡಿಸಿ ನೋಡಬೇಕು. ಅದು ಕಡಿಮೆ ದುಡ್ಡಿನ ಸಾಮಾನು. ಅದನ್ನು ನೋಡದೆ ಇಡೀ ಆಕ್ಸಲ್ ಇಳಿಸಿದವರು ಈ ಊರಿನಲ್ಲಿ ಕಡಿಮೆಯಿಲ್ಲ.

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ಹಿಂದಿನ ಆಕ್ಸಲ್ಲಿನ ಪಾಠ ಕಲಿಸಿದ್ದು ಜೀಪು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿ ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಅದೇ ಮನೆತನದ ಜೀಪುಗಳು ಬಸ್ಸು ಹೋಗದ ಊರುಗಳಿಗೆ ಸರ್ವಿಸ್ ಓಡಿದವು: ಒಳಗೆ ಕೂತವರಷ್ಟೇ ಜನ ಹಿಂದೆ ನೇತಾಡುತ್ತಾ, ಟಾಪಿನ ಮೇಲೆ ಅಡಿಕೆ ಮೂಟೆ, ಬಾಳೆಗೊನೆ, ಕೆಲವೊಮ್ಮೆ ಕೋಳಿ ಗೂಡು. ಆ ಭಾರವನ್ನೆಲ್ಲ ಹೊತ್ತದ್ದು ಸ್ಪೈಸರ್ ವಿನ್ಯಾಸದ ಆಕ್ಸಲ್‌ಗಳು. ಆಮೇಲೆ 2000ರಲ್ಲಿ ಬೊಲೆರೊ ಬಂತು, ಅದರ ಪಿಕಪ್ ಬಂತು. 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿ ಅಡಿಕೆಗೆ ಒಂದು ಮಾರುಕಟ್ಟೆ ಶಿಸ್ತು ತಂದ ಮೇಲೆ, 1986ರಲ್ಲಿ ಪುತ್ತೂರಿನಲ್ಲೇ ಅದರ ಚಾಕೊಲೇಟ್ ಕಾರ್ಖಾನೆ ಶುರುವಾದ ಮೇಲೆ, ತೋಟದಿಂದ ಪೇಟೆಗೆ ಸರಕು ಇಳಿಯುವುದು ವರ್ಷವಿಡೀ ನಡೆಯುವ ಕೆಲಸ. ಅಡಿಕೆ, ಕೊಕ್ಕೊ, ರಬ್ಬರ್ ಶೀಟು ಇಳಿಯುತ್ತವೆ. ಗೊಬ್ಬರ, ಸಿಮೆಂಟು, ಕೆಂಪುಕಲ್ಲು ಏರುತ್ತವೆ. ಅಡಿಕೆಯಿಂದ ಆಕ್ಸಲ್ ಮುರಿಯುವುದಿಲ್ಲ ಮಾರಾಯ್ರೆ, ಮುರಿಯುವುದು ಕೆಂಪುಕಲ್ಲಿನಿಂದ.

ಹಿಂದಿನ ಆಕ್ಸಲ್ಲಿನ ಆ ಕಬ್ಬಿಣದ ಗುಂಡಿನ ಒಳಗೆ ಏನಾಗುತ್ತದೆ ಎಂಬುದನ್ನು ಗಾಡಿ ಇಟ್ಟವರು ಒಮ್ಮೆಯಾದರೂ ನೋಡಿರಬೇಕು. ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಗಾಡಿಯ ಉದ್ದಕ್ಕೆ ತಿರುಗುತ್ತದೆ, ಚಕ್ರ ತಿರುಗಬೇಕಾದದ್ದು ಅಡ್ಡಕ್ಕೆ. ಶಾಫ್ಟಿನ ತುದಿಯ ಸಣ್ಣ ಪಿನಿಯನ್ ದೊಡ್ಡ ಕ್ರೌನ್ ವೀಲನ್ನು ತಳ್ಳುವಾಗ ದಿಕ್ಕೂ ಬದಲಾಗುತ್ತದೆ, ವೇಗವೂ ಇಳಿಯುತ್ತದೆ. ವೇಗ ಇಳಿದಷ್ಟು ತಿರುಗಿಸುವ ಬಲ ಏರುತ್ತದೆ. ಕ್ರೌನಿನಲ್ಲಿ 43 ಹಲ್ಲು, ಪಿನಿಯನ್ನಿನಲ್ಲಿ 8 ಇದ್ದರೆ ಭಾಗಿಸಿದಾಗ ಬರುವುದು 5.38. ಸಿಜೆ–3ಬಿ ಜೀಪಿನ ರೇಶಿಯೊ ಇದು. ಯುದ್ಧಕಾಲದ ಎಂಬಿ ಜೀಪಿನದು 39ಕ್ಕೆ 8, ಅಂದರೆ 4.88. ಕ್ರೌನ್ ವೀಲಿನ ಜತೆಯಲ್ಲೇ ಸುತ್ತುವ ಪಂಜರದೊಳಗೆ ಸ್ಟಾರ್ ಪಿನಿಯನ್‌ಗಳು ಕೂತಿವೆ. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದಾರಿ ಸವೆಸಬೇಕು. ಒಳಬದಿಯದು ಬಿಟ್ಟುಕೊಟ್ಟ ಸುತ್ತನ್ನು ಹೊರಬದಿಯದಕ್ಕೆ ದಾಟಿಸುವುದು ಇವುಗಳ ಕೆಲಸ; ಈ ಏರ್ಪಾಡೇ ಡಿಫರೆನ್ಶಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದಲ್ಲಿ ಉಗಿಗಾಡಿಗಾಗಿ ಇದಕ್ಕೆ ಪೇಟೆಂಟ್ ಪಡೆದಿದ್ದ. ಪೆಟ್ರೋಲ್ ಎಂಜಿನ್ನಿಗಿಂತ ಹಳೆಯ ಸಂಗತಿ, ಇವತ್ತಿನ ಪಿಕಪ್ಪಿನಲ್ಲೂ ತತ್ತ್ವ ಅದೇ.

ಈ ಜಾಣತನದಲ್ಲೇ ಒಂದು ದಡ್ಡತನವೂ ಇದೆ. ಮಳೆಗಾಲದ ಕೆಸರಿನಲ್ಲಿ ಒಂದು ಚಕ್ರಕ್ಕೆ ಹಿಡಿತ ತಪ್ಪಿದರೆ ಡಿಫರೆನ್ಶಿಯಲ್ ಸುತ್ತನ್ನೆಲ್ಲ ಅದಕ್ಕೇ ಕೊಡುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಂತಿರುತ್ತದೆ. ಆಗ ಚಾಲಕ ಆಕ್ಸಿಲರೇಟರ್ ತುಳಿದಷ್ಟೂ ಸ್ಟಾರ್ ಪಿನಿಯನ್‌ಗಳು ತಮ್ಮ ಪಿನ್ನಿನ ಮೇಲೆ, ಎಂದೂ ತಿರುಗದ ವೇಗದಲ್ಲಿ ತಿರುಗುತ್ತವೆ. ಅಲ್ಲಿಗೆ ಎಣ್ಣೆ ಸರಿಯಾಗಿ ತಲುಪುವುದಿಲ್ಲ, ಪಿನ್ ಸುಟ್ಟು ನೀಲಿಗಟ್ಟುತ್ತದೆ. ಹಿಂದಿನ ಚಕ್ರದ ಕೆಳಗೆ ಒಂದು ಸೋಗೆ, ನಾಲ್ಕು ಕಲ್ಲು ಇಡಲು ಸೋಮಾರಿತನ ಮಾಡಿದ್ದಕ್ಕೆ ತೆರುವ ಬೆಲೆ ಅದು.

ಎರಡನೆಯ ಶತ್ರು ನೀರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಚೀಚೆ ಮಳೆ ಸುರಿಯುವ ಸೀಮೆಯಿದು. ಹೊಸ ಸೇತುವೆ ಆಗುವ ತನಕ ಕಡಬ ದಾರಿಯ ಹೊಸಮಠದ ಮುಳುಗು ಸೇತುವೆ ಗುಂಡ್ಯ ಹೊಳೆಗೆ ನೆರೆ ಬಂದಾಗಲೆಲ್ಲ ಸುದ್ದಿಯಾಗುತ್ತಿತ್ತು. ತೋಟಗಳ ಒಳಗಂತೂ ಇವತ್ತಿಗೂ ತೋಡು ದಾಟಿಯೇ ಮನೆ ಸೇರಬೇಕಾದವರಿದ್ದಾರೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬಂದ ಆಕ್ಸಲ್ ಬಿಸಿಯಾಗಿರುತ್ತದೆ. ಅದನ್ನು ತಣ್ಣನೆಯ ಹರಿವಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲು ನೋಡುತ್ತದೆ. ಗಾಳಿ ಆಡಲೆಂದು ಆಕ್ಸಲ್ಲಿನ ಹೊರಕವಚವಾದ ಹೌಸಿಂಗಿನ ಮೇಲೆ ಕಿರುಬೆರಳಿನ ತುದಿಯಷ್ಟು ದೊಡ್ಡ ಬ್ರೀದರ್ ಇರುತ್ತದೆ. ಅದರ ಬಾಯಿ ಕೆಂಪುಮಣ್ಣು ಮೆತ್ತಿ ಮುಚ್ಚಿದ್ದರೆ ನೀರು ಆಯಿಲ್ ಸೀಲಿನ ಸಂದಿನಿಂದ ಒಳಗೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಡ್ರೈನ್ ನಟ್ ಬಿಚ್ಚಿದರೆ ಎಣ್ಣೆಯ ಬದಲು ಹಾಲು ಹೆಚ್ಚಾದ ಚಹಾದಂಥದ್ದು ಸುರಿಯುತ್ತದೆ. ಬ್ರೀದರ್ ಬಿಚ್ಚಿ, ಅಲ್ಲಿಂದ ಒಂದು ರಬ್ಬರ್ ಟ್ಯೂಬನ್ನು ಚಾಸಿಯ ಮೇಲ್ಭಾಗದವರೆಗೆ ಎಳೆದು ಕಟ್ಟಿದರೆ ಮುಗಿಯುವ ಸಮಸ್ಯೆ. ಒಂದು ಊಟದ ಖರ್ಚೂ ಇಲ್ಲ. ಆದರೂ ಹತ್ತು ಗಾಡಿ ನೋಡಿದರೆ ಒಂದರಲ್ಲೂ ಈ ಟ್ಯೂಬ್ ಕಾಣುವುದಿಲ್ಲ.

ಎಣ್ಣೆಯ ವಿಷಯದಲ್ಲಿ ಇನ್ನೊಂದು ಮಾತು. ಈಗಿನ ಕ್ರೌನ್–ಪಿನಿಯನ್ ಹೆಚ್ಚಿನವು ಹೈಪಾಯ್ಡ್ ಬಗೆಯವು, ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜತೆಗೆ ಜಾರುತ್ತವೆ ಕೂಡ. ಆ ಜಾರುವ ಒತ್ತಡವನ್ನು ತಡೆಯುವುದು ಇಪಿ 90 ಅಥವಾ ಕಂಪನಿ ಹೇಳಿದ ಜಿಎಲ್–5 ದರ್ಜೆಯ ಗೇರ್ ಆಯಿಲ್ ಮಾತ್ರ. ಎಂಜಿನ್ನಿನಿಂದ ಇಳಿಸಿದ ಹಳೆ ಎಣ್ಣೆಯನ್ನು ‘ಹೇಗೂ ದಪ್ಪ ಇದೆಯಲ್ಲ’ ಎಂದು ಹಿಂದಕ್ಕೆ ಸುರಿಯುವ ಮಿತವ್ಯಯ ಕೆಲವು ತೋಟಗಳಲ್ಲಿ ಇನ್ನೂ ಉಳಿದಿದೆ.

ಮತ್ತೆ ಭಾರ. ಬೊಲೆರೊ ಪಿಕಪ್ಪಿನ 1.7 ಟನ್ ಮಾದರಿಯನ್ನೇ ತೆಗೆದುಕೊಳ್ಳಿ. 50 ಕಿಲೋ ಸಿಮೆಂಟು ಚೀಲ 34 ಹೇರಿದಲ್ಲಿಗೆ ಲೆಕ್ಕ ತುಂಬಿತು. ಐವತ್ತು ಹೇರಿದರೆ ಎರಡೂವರೆ ಟನ್. ಸಮತಟ್ಟಾದ ಟಾರಿನಲ್ಲಿ ಹೋದೀತು. ಆದರೆ ಮನೆ ಕಟ್ಟುವವರು ಯಾರೂ ಇಲ್ಲಿ ಸಮತಟ್ಟಿನಲ್ಲಿ ಕಟ್ಟುವುದಿಲ್ಲ, ಗುಡ್ಡೆ ಅಗೆದು ಕಟ್ಟುತ್ತಾರೆ. ಚರಳು ಕಿತ್ತ ಏರಿನಲ್ಲಿ ಹಿಂದಿನ ಚಕ್ರ ಹೊಂಡಕ್ಕೆ ಬಿದ್ದು ಏಳುವ ಪ್ರತಿ ಕುಲುಕಿಗೂ ಹೌಸಿಂಗಿನ ಟ್ಯೂಬು ಕೂದಲೆಳೆಯಷ್ಟು ಬಾಗುತ್ತದೆ. ಒಮ್ಮೆ ಬಾಗಿದ್ದು ಹಿಂದಿರುಗುವುದಿಲ್ಲ. ಹಿಂದಿನ ಟೈರಿನ ಒಳಅಂಚು ಮಾತ್ರ ಸವೆಯುತ್ತಿದ್ದರೆ, ಆಯಿಲ್ ಸೀಲ್ ಎಷ್ಟು ಹಾಕಿದರೂ ತಿಂಗಳಲ್ಲೇ ಸೋರುತ್ತಿದ್ದರೆ ಹೌಸಿಂಗ್ ಬಾಗಿದೆ ಎಂದೇ ತಿಳಿಯಬೇಕು.

ಒಳಗಿನದನ್ನು ಮಾತ್ರ ಬದಲಿಸುವುದೋ, ಇಡೀ ಆಕ್ಸಲ್ಲನ್ನೇ ಬದಲಿಸುವುದೋ ಎಂದು ತೀರ್ಮಾನಿಸುವುದೂ ಇಲ್ಲೇ. ಹೌಸಿಂಗ್ ನೆಟ್ಟಗಿದ್ದು ಹಲ್ಲು ಮಾತ್ರ ಹೋಗಿದ್ದರೆ ಕ್ರೌನ್–ಪಿನಿಯನ್ ಸೆಟ್ ಸಾಕು. ಇವೆರಡೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿಸಿ ಹೊಂದಿಸಿದ ಜೋಡಿ, ಎರಡರ ಮೇಲೂ ಜೋಡಿ ಸಂಖ್ಯೆ ಕೆತ್ತಿರುತ್ತದೆ; ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊಸದು ಹಾಕಿದರೆ ಕೂಗು ಗ್ಯಾರಂಟಿ. ಆದರೆ ಸೆಟ್ ಕೂರಿಸುವುದು ಸೂಕ್ಷ್ಮದ ಕೆಲಸ. ಹಲ್ಲಿನ ನಡುವಿನ ಸಡಿಲು, ಅಂದರೆ ಬ್ಯಾಕ್‌ಲ್ಯಾಶ್, ಸ್ಪೈಸರ್ 44ರಂಥ ಆಕ್ಸಲ್ಲಿಗೆ ಸುಮಾರು 0.13ರಿಂದ 0.25 ಮಿಲಿಮೀಟರ್. ತೆಳ್ಳಗಿನ ಶಿಮ್ ತಗಡು ಸೇರಿಸಿ, ತೆಗೆದು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಮೂಡುವ ತನಕ ಬಿಚ್ಚಿ ಕಟ್ಟುತ್ತಿರಬೇಕು. ಇದಕ್ಕೆ ಡಯಲ್ ಗೇಜ್ ಬೇಕು, ಅದಕ್ಕಿಂತ ಹೆಚ್ಚಾಗಿ ಪುರುಸೊತ್ತು ಬೇಕು. ಅದಿಲ್ಲದ ಕಡೆ ಗುಜರಿಯಿಂದ ಒಳ್ಳೆಯ ಇಡೀ ಆಕ್ಸಲ್ ತಂದು ಕೂರಿಸುವುದೇ ವಾಸಿ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಕಾರ್ಖಾನೆಯಲ್ಲಿ ಕೂರಿಸಿದ ಹೊಂದಾಣಿಕೆ ಹಾಗೇ ಬರುತ್ತದೆ.

ಗುಜರಿ ಆಕ್ಸಲ್ ತರುವಾಗಲೇ ಎಡವುವುದು. ನೋಡಲು ಎಲ್ಲ ಒಂದೇ: ತುಕ್ಕು, ಗ್ರೀಸು, ಒಣಗಿದ ಕೆಸರು. ಒಂದೇ ಹೆಸರಿನ ಪಿಕಪ್ಪಿನಲ್ಲೂ ತಯಾರಾದ ವರ್ಷ, ಹೊರುವ ಭಾರದ ಮಾದರಿಗೆ ತಕ್ಕಂತೆ ರೇಶಿಯೊ ಬೇರೆಯಿರಬಹುದು. ರೇಶಿಯೊ ಬರೆದ ತಗಡು ಬೋಲ್ಟಿನಿಂದ ಎಂದೋ ಉದುರಿಹೋಗಿರುತ್ತದೆ. ಮಾರುವವನ ಮಾತು ನಂಬುವುದಕ್ಕಿಂತ ಎಣಿಸುವುದು ಮೇಲು.

ಪುತ್ತೂರಿನ ಹೊರವಲಯದ ಗ್ಯಾರೇಜೊಂದರಲ್ಲಿ ಹಳೆಯ ಜೀಪಿನ ಆಕ್ಸಲ್ಲಿಗೆ ಇದನ್ನು ಮಾಡುವುದು ನೋಡಿದೆ. ಎರಡು ಮರದ ದಿಮ್ಮಿಗಳ ಮೇಲೆ ಆಕ್ಸಲ್ ಕೂರಿಸಿದರು. ಪಿನಿಯನ್ನಿನ ಫ್ಲ್ಯಾಂಜಿನ ಮೇಲೊಂದು ಸೀಮೆಸುಣ್ಣದ ಗೆರೆ, ಎರಡೂ ಡ್ರಮ್ಮುಗಳ ಮೇಲೆ ಒಂದೊಂದು. ಇಬ್ಬರು ಹುಡುಗರು ಎರಡೂ ಬದಿಯ ಡ್ರಮ್ಮುಗಳನ್ನು ಒಟ್ಟಿಗೇ, ಒಂದೇ ದಿಕ್ಕಿಗೆ ತಿರುಗಿಸತೊಡಗಿದರು. ಮೆಕ್ಯಾನಿಕ್ ಫ್ಲ್ಯಾಂಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ‘ಒಂಜಿ, ರಡ್ಡ್, ಮೂಜಿ’ ಎನ್ನುತ್ತಾ ಹೋದರು. ಡ್ರಮ್ಮಿನ ಒಂದು ಸುತ್ತಿಗೆ ಫ್ಲ್ಯಾಂಜ್ ಐದು ಸುತ್ತಿ ಮೇಲೆ ಇನ್ನೂ ಕೊಂಚ. ಆ ‘ಕೊಂಚ’ದಲ್ಲೇ ಮೋಸ ಹೋಗುವುದು ಎಂದು ಅವರು ನಿಲ್ಲಿಸಲಿಲ್ಲ, ಡ್ರಮ್ಮನ್ನು ಎಂಟು ಸುತ್ತು ತಿರುಗಿಸಿದರು. ಗೆರೆ ಸರಿಯಾಗಿ ಮೇಲಕ್ಕೆ ಬಂದು ನಿಂತಾಗ ಎಣಿಕೆ 43. ಪಿನಿಯನ್ನಿಗೆ ಎಂಟು ಹಲ್ಲು ಇರುವಲ್ಲಿ ಎಂಟು ಸುತ್ತಿಗೆ ಲೆಕ್ಕ ಪೂರ್ಣಾಂಕಕ್ಕೆ ಬಂದೇ ಬರಬೇಕು. 39 ಬಂದಿದ್ದರೆ ಅದು 4.88. ಹಿಂಬದಿಯ ಮುಚ್ಚಳ ಬಿಚ್ಚದೆ, ಕೈಗೆ ಎಣ್ಣೆ ಮೆತ್ತದೆ ಹಲ್ಲು ಎಣಿಸುವ ಉಪಾಯ. ಗಾಡಿಯಲ್ಲೇ ಇರುವ ಆಕ್ಸಲ್ಲಿಗೂ ಇದನ್ನು ಮಾಡಬಹುದು. ಆದರೆ ಒಂದು ಚಕ್ರ ನೆಲದಲ್ಲಿದ್ದು ಇನ್ನೊಂದನ್ನು ಮಾತ್ರ ಎತ್ತಿದ್ದರೆ, ಎತ್ತಿದ್ದನ್ನು ಎರಡು ಸುತ್ತು ತಿರುಗಿಸಿದಾಗ ಒಂದು ಸುತ್ತೆಂದು ಲೆಕ್ಕ ಹಿಡಿಯಬೇಕು.

ಇಷ್ಟು ಹಟ ಏಕೆಂದರೆ, 4.88ರ ಜಾಗಕ್ಕೆ 5.38 ಕೂರಿಸಿದರೆ ಗಾಡಿಯ ಸ್ವಭಾವವೇ ಬದಲಾಗುತ್ತದೆ. ಚಕ್ರಕ್ಕೆ ಸಿಗುವ ಬಲ ಶೇ 10ರಷ್ಟು ಏರುತ್ತದೆ, ಬಿಸಿಲೆ ಘಾಟಿಯ ತಿರುವುಗಳಲ್ಲಿ ಸೆಕೆಂಡ್ ಗೇರು ಸಾಕಾಗುತ್ತದೆ. ಆದರೆ ಅದೇ ವೇಗಕ್ಕೆ ಎಂಜಿನ್ ಶೇ 10ರಷ್ಟು ಹೆಚ್ಚು ಸುತ್ತಬೇಕು. ಮಂಗಳೂರಿಗೆ ಹೋಗಿಬರುವವರಿಗೆ ಡೀಸೆಲ್ಲೂ ಕಿವಿಯೂ ಖರ್ಚು. ಸ್ಪೀಡೋಮೀಟರಿನ ಕೇಬಲ್ ಗೇರ್‌ಬಾಕ್ಸ್ ಕಡೆಯಿಂದ ಹೊರಡುವ ಗಾಡಿಗಳಲ್ಲಿ ಮುಳ್ಳು 60 ತೋರಿಸುವಾಗ ನಿಜವಾಗಿ ಓಡುತ್ತಿರುವುದು 54ರ ಆಸುಪಾಸು. ಏರು ಹತ್ತುವುದೇ ಹೆಚ್ಚಿನ ಕೆಲಸವಾದರೆ ಇದು ಒಳ್ಳೆಯ ವ್ಯಾಪಾರವೇ, ಟೂ ವೀಲ್ ಡ್ರೈವಿನಲ್ಲಿ.

ಫೋರ್ ವೀಲ್ ಡ್ರೈವಿನ ಕತೆ ಬೇರೆ. ಮುಂದಿನ ಆಕ್ಸಲ್ 4.88ರಲ್ಲೇ ಉಳಿದು ಹಿಂದಿನದು ಮಾತ್ರ 5.38 ಆದರೆ, ಶಾಫ್ಟಿನ ಅಷ್ಟೇ ಸುತ್ತಿಗೆ ಮುಂದಿನ ಚಕ್ರ 100 ಮೀಟರ್ ಹೋಗಲು ನೋಡುತ್ತದೆ, ಹಿಂದಿನದು 91. ಕೆಸರಿನಲ್ಲಿ ಟೈರು ಜಾರಿ ಈ ಜಗಳ ಗೊತ್ತಾಗದಂತೆ ಮುಚ್ಚಿಹೋಗುತ್ತದೆ. ಫೋರ್ ವೀಲ್ ಲಿವರ್ ಎಳೆದದ್ದನ್ನು ಮರೆತು ಒಣ ಟಾರಿಗೆ ಬಂದರೆ ಜಾರಲು ಆಸ್ಪದವಿಲ್ಲ. ಟ್ರಾನ್ಸ್‌ಫರ್ ಕೇಸಿನಲ್ಲೋ ಕ್ರಾಸಿನಲ್ಲೋ ಏನಾದರೊಂದು ಮುರಿಯಲೇಬೇಕು. ರೇಶಿಯೊ ಬದಲಿಸುವುದಾದರೆ ಎರಡನ್ನೂ ಬದಲಿಸಿ, ಇಲ್ಲವೇ ಸುಮ್ಮನಿರಿ.

ರೇಶಿಯೊ ಹೊಂದಿದರೂ ಮೈ ಹೊಂದಬೇಕು. ಹಳೆಯ ಜೀಪಿನ ಹಿಂದಿನ ಗುಂಡು ನಡುವಿನಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಬಾಯಿಗೆ ನೇರವಾಗಿ ಬಲಕ್ಕೆ ಸರಿದಿದೆ. ಗುಂಡು ನಡುವಿನಲ್ಲಿರುವ ಪಿಕಪ್ ಆಕ್ಸಲ್ ಅದಕ್ಕೆ ಹಾಕಿದರೆ ಶಾಫ್ಟ್ ಓರೆಯಾಗಿ ಓಡಿ ಕ್ರಾಸ್ ತಿನ್ನುತ್ತದೆ. ಜೀಪಿನಲ್ಲಿ ಸ್ಪ್ರಿಂಗ್ ಪ್ಲೇಟುಗಳು ಆಕ್ಸಲ್ಲಿನ ಅಡಿಯಲ್ಲಿ ಹಾಯುತ್ತವೆ, ಭಾರದ ಗಾಡಿಗಳಲ್ಲಿ ಸಾಮಾನ್ಯವಾಗಿ ಮೇಲೆ. ಪ್ಲೇಟು ಕೂರುವ ಪೀಠವನ್ನು ಕಡಿದು ಬೇರೆ ಕಡೆ ವೆಲ್ಡ್ ಮಾಡುವಾಗ ಪಿನಿಯನ್ನಿನ ಮೂಗು ಎತ್ತ ನೋಡುತ್ತದೆ ಎಂಬುದು ಮುಖ್ಯ. ಶಾಫ್ಟಿನ ಎರಡೂ ತುದಿಯ ಕೋನ ಒಂದೇ ಇರದಿದ್ದರೆ ಐವತ್ತರ ವೇಗದಲ್ಲಿ ಗಾಡಿ ಪೂರ್ತಿ ನಡುಗುತ್ತದೆ. ವೆಲ್ಡಿಂಗಿನ ಶಾಖಕ್ಕೇ ಟ್ಯೂಬ್ ಬಾಗುವುದರಿಂದ, ಒಂದಿಂಚು ಈ ಬದಿ, ಒಂದಿಂಚು ಆ ಬದಿ ಎಂದು ನಿಧಾನಕ್ಕೆ ಎಳೆಯಬೇಕು, ಬೇಗ ತಣಿಯಲೆಂದು ನೀರು ಹೊಯ್ಯಲೇಬಾರದು. ಇನ್ನು ಚಕ್ರ ಕಟ್ಟುವ ತುದಿ. ಸೆಮಿ ಫ್ಲೋಟಿಂಗ್ ಆಕ್ಸಲ್ಲಿನಲ್ಲಿ ಶಾಫ್ಟೇ ಭಾರವನ್ನೂ ಹೊರುತ್ತದೆ. ತುಂಡಾದರೆ ಚಕ್ರ ಗಾಡಿಯನ್ನು ಬಿಟ್ಟು ಮುಂದೆ ಹೋಗಿ ತೋಟಕ್ಕಿಳಿಯಬಹುದು. ಫುಲ್ ಫ್ಲೋಟಿಂಗಿನಲ್ಲಿ ಭಾರ ಹೌಸಿಂಗಿನ ಮೇಲಿನ ಹಬ್ಬಿನದು, ಶಾಫ್ಟ್ ಬರೀ ತಿರುಗಿಸುತ್ತದೆ. ಮುರಿದರೂ ಚಕ್ರ ಅಲ್ಲೇ ಇರುತ್ತದೆ. ಚಕ್ರದ ನಡುವೆ ಸುತ್ತಲೂ ಬೋಲ್ಟಿನ ಸಾಲಿರುವ ಗುಬುಟು ಹೊರಚಾಚಿದ್ದರೆ ಅದು ಫುಲ್ ಫ್ಲೋಟಿಂಗ್.

ದೊಡ್ಡ ಆಕ್ಸಲ್ ಹಾಕಿದರೆ ಹೆಚ್ಚು ಹೇರಬಹುದು ಎಂಬ ಆಸೆಯೇ ಇಡೀ ವ್ಯವಹಾರದ ಹಿಂದಿನ ಪ್ರೇರಣೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆಕ್ಸಲ್ ದೊಡ್ಡದಾದ ಮಾತ್ರಕ್ಕೆ ಚಾಸಿ, ಬ್ರೇಕ್, ಕ್ಲಚ್ ದೊಡ್ಡದಾಗುವುದಿಲ್ಲ. ಏರಲು ಸಾಧ್ಯವಾದ ಭಾರ ಇಳಿಯುವಾಗ ನಿಲ್ಲಬೇಕಲ್ಲ? ಕಾನೂನೂ ಇದಕ್ಕೆ ಒಪ್ಪುವುದಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಆಕ್ಸಲ್ ಬದಲಿಸಿದ್ದರಿಂದ ಏರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಮಾರ್ಪಡಿಸುವುದನ್ನು ತಡೆಯುತ್ತದೆ; ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಇದೆ. ಕೆಟ್ಟ ಆಕ್ಸಲ್ಲಿನ ಜಾಗಕ್ಕೆ ಅದೇ ಮಾದರಿಯದನ್ನೇ ಹಾಕಿದರೆ ಅದು ದುರಸ್ತಿ. ಕೆಎ 21 ಬೋರ್ಡಿನ ಬಾಡಿಗೆ ಪಿಕಪ್ ಪುತ್ತೂರಿನ ಆರ್‌ಟಿಒ ಮುಂದೆ ಎಫ್‌ಸಿಗೆ ನಿಲ್ಲಬೇಕಾದ ದಿನ, ಅಪಘಾತವಾಗಿ ವಿಮೆಯವರು ಸರ್ವೇಗೆ ಬಂದ ದಿನ, ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ.

ಸರಿಯಾದ ಆಕ್ಸಲ್ ಕೈಗೆ ಬಂದ ಮೇಲೆ ಕೂರಿಸುವುದು ಇಬ್ಬರಿಗೆ ಒಂದು ದಿನದ ಕೆಲಸ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಾಡಿಯನ್ನು ಚಾಸಿಯ ಕೆಳಗೆ ಸ್ಟ್ಯಾಂಡ್ ಇಟ್ಟು ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಅಡಿಗೆ ನುಗ್ಗುವುದು ನಮ್ಮ ಕಡೆಯ ಕೆಟ್ಟ ಚಾಳಿ. ಕೆಂಪುಮಣ್ಣು ಮಳೆಗೆ ಮೆತ್ತಗಾದಾಗ ಜಾಕಿ ಸದ್ದಿಲ್ಲದೆ ವಾಲುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುನ್ನ ಎರಡೂ ಫ್ಲ್ಯಾಂಜಿಗೆ ಗುರುತು ಹಾಕಿಕೊಂಡರೆ ಮರಳಿ ಕಟ್ಟಿದಾಗ ನಡುಕ ಬರುವುದಿಲ್ಲ. ಆಮೇಲೆ ಬ್ರೇಕಿನ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಶಾಕ್ ಅಬ್ಸಾರ್ಬರಿನ ಕೆಳತುದಿ. ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಪಿಕಪ್ಪಿನಲ್ಲಿ ಅದರಿಂದ ಆಕ್ಸಲ್ಲಿಗೆ ಬರುವ ಸಣ್ಣ ಸರಳನ್ನು ಅಳತೆ ಬರೆದಿಟ್ಟುಕೊಂಡೇ ಕಳಚಬೇಕು. ಹಿಂದೆ ಎಷ್ಟು ಭಾರವಿದೆ ಎಂದು ಬ್ರೇಕಿಗೆ ತಿಳಿಸುವುದು ಆ ಸರಳು. ಅದನ್ನು ತಂತಿಯಲ್ಲಿ ಕಟ್ಟಿ ‘ಆಯ್ತು’ ಎಂದು ಬಿಟ್ಟರೆ ಖಾಲಿ ಗಾಡಿ ಮಳೆಯಲ್ಲಿ ಹಿಂದಿನಿಂದ ತಿರುಗುತ್ತದೆ. ಕೊನೆಗೆ ಯು ಬೋಲ್ಟ್. ಹಳೆಯದರ ನಟ್ಟು ಹೆಚ್ಚಾಗಿ ತುಕ್ಕು ಹಿಡಿದು ಬಿಡುವುದಿಲ್ಲ, ಗ್ಯಾಸ್ ಕಟರ್‌ನಲ್ಲಿ ಕಡಿಯಬೇಕಾಗುತ್ತದೆ. ಕಡಿಯದೆ ಬಂದರೂ ಅವುಗಳನ್ನು ಮತ್ತೆ ಬಳಸಬೇಡಿ, ಒಮ್ಮೆ ಎಳೆದು ಉದ್ದವಾದ ಯು ಬೋಲ್ಟ್ ಮತ್ತೆ ಮೊದಲಿನ ಹಿಡಿತ ಕೊಡುವುದಿಲ್ಲ. ಹೊಸ ಆಕ್ಸಲ್ಲನ್ನು ಪ್ಲೇಟಿನ ಸೆಂಟರ್ ಬೋಲ್ಟಿನ ತಲೆ ಪೀಠದ ತೂತಿಗೆ ಸರಿಯಾಗಿ ಕೂರುವಂತೆ ಎತ್ತಬೇಕು; ಅರ್ಧ ಇಂಚು ಆಚೀಚೆ ಕೂತರೆ ಹಿಂದಿನ ಚಕ್ರಗಳು ಮುಂದಿನವುಗಳ ಜಾಡು ಬಿಟ್ಟು ಓಡುತ್ತವೆ.

ಬ್ರೇಕಿನಿಂದ ಗಾಳಿ ತೆಗೆದು, ಭರ್ತಿ ತೂತಿನ ಅಂಚಿಗೆ ಬರುವವರೆಗೆ ಎಣ್ಣೆ ತುಂಬಿಸಿದರೆ ಗಾಡಿ ರಸ್ತೆಗೆ. ಹಲ್ಲು ಹೊಸದಾಗಿದ್ದರೆ ಮೊದಲ ಕೆಲವು ನೂರು ಕಿಲೋಮೀಟರ್ ಭಾರ ಹೇರದೆ, ನಡುನಡುವೆ ನಿಲ್ಲಿಸಿ ಗುಂಡಿಗೆ ಕೈಯಿಟ್ಟು ನೋಡಬೇಕು. ಬಿಸಿಯಾಗುವುದು ಸಹಜ, ಅಂಗೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿಯಾಗಿದೆ. ಆ ಮೊದಲ ಎಣ್ಣೆಯನ್ನು ಬೇಗನೆ ಇಳಿಸಿ ಬದಲಿಸಿ. ಹಾಗೆಯೇ ಮೊದಲ ಲೋಡ್ ಹೊತ್ತು ಬಂದ ಸಂಜೆ ಯು ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ನಾಲ್ಕೂ ಸ್ವಲ್ಪ ಸ್ವಲ್ಪ ತಿರುಗಿಯೇ ತಿರುಗುತ್ತವೆ. ಬಿಚ್ಚಿದ ಹಳೆ ಆಕ್ಸಲ್ಲನ್ನು ತೂಕಕ್ಕೆ ಹಾಕಲು ಅವಸರ ಬೇಡ: ಹಬ್ಬು ನೆಟ್ಟಗಿದ್ದರೆ ತೋಟದೊಳಗೆ ಮದ್ದು ಬಿಡುವ ಡ್ರಮ್ಮು ಎಳೆಯಲು ಅದರಲ್ಲೇ ಒಂದು ಟ್ರೇಲರ್ ಆಗುತ್ತದೆ, ಮತ್ತು ಅದಕ್ಕೆ ರೇಶಿಯೊ ಎಷ್ಟಾದರೂ ನಡೆಯುತ್ತದೆ.